ಆ ಎರಡನೇ ಎಂಟರ್ ಬಗ್ಗೆ ನನ್ನ ತಕರಾರು

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಬಂದು, "ಬಾಸ್, ಇನ್ಮೇಲೆ ಸರ್ವರ್‌ಗೆ ಹೋಗೋಕೆ ಪಾಸ್‌ವರ್ಡ್ ಹೊಡೆಯೋ ಹಾಗಿಲ್ಲ, ಎರಡೇ ನಿಮಿಷದಲ್ಲಿ ಸೆಟಪ್ ಮಾಡ್ದೆ" ಅಂತ ಖುಷಿಯಾಗಿ ತೋರಿಸಿದ. ಎಸ್‌ಎಸ್‌ಎಚ್-ಕೀಜೆನ್ ಓಡಿಸಿದ್ದಾನೆ, ಅದು ಕೇಳಿದ್ದಕ್ಕೆಲ್ಲ ಎಂಟರ್, ಎಂಟರ್, ಎಂಟರ್. ಆಮೇಲೆ ಎಸ್‌ಎಸ್‌ಎಚ್-ಕಾಪಿ-ಐಡಿ. ಮುಗೀತು. ನಾನೂ ಮೊದಲ ಸಲ ಹೀಗೇ ಮಾಡಿದ್ದು, ಬಹುಶಃ ನೀವೂ :)

ಮೊದಲನೇ ಎಂಟರ್ ಫೈಲ್ ಎಲ್ಲಿಡಬೇಕು ಅನ್ನೋದಕ್ಕೆ, ಅದು ಸರಿ. ಎರಡನೆಯದು ಪಾಸ್‌ಫ್ರೇಸ್ ಬೇಡ ಅನ್ನೋದಕ್ಕೆ, ಮೂರನೆಯದು "ಹೌದು, ನಿಜವಾಗ್ಲೂ ಬೇಡ" ಅನ್ನೋದಕ್ಕೆ. ನನ್ನ ತಕರಾರು ಇರೋದು ಅಲ್ಲಿ.

ಪಾಸ್‌ವರ್ಡ್ ಬಿಟ್ಟು ಕೀ ಬಳಸೋದು ಒಳ್ಳೆಯದೇ. 1995ರಲ್ಲಿ ಫಿನ್‌ಲ್ಯಾಂಡಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದಿದ್ದೇ ತನ್ನ ಯೂನಿವರ್ಸಿಟಿ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಹಿಡಿದಿದ್ದರಿಂದ. ಕೀ ಬಳಸಿದರೆ ಗುಟ್ಟು ನಮ್ಮ ಮೆಷಿನ್ ಬಿಟ್ಟು ಹೋಗೋದೇ ಇಲ್ಲ. ಪ್ರೈವೇಟ್ ಕೀಯಿಂದ ಒಂದು ಸಹಿ ಹಾಕಿ ಕಳಿಸ್ತೀವಿ, ಆ ಕಡೆಯವನು ತನ್ನ ಆಥರೈಸ್ಡ್ ಕೀಸ್ ಫೈಲಿನಲ್ಲಿರೋ ಪಬ್ಲಿಕ್ ಕೀಯಿಂದ ಅದನ್ನು ಪರೀಕ್ಷಿಸ್ತಾನೆ, ಅಷ್ಟೇ.

ಆದರೆ ಆ ಪ್ರೈವೇಟ್ ಕೀ ಅನ್ನೋದು ಒಂದು ಮಾಮೂಲಿ ಫೈಲು ಮಾರಾಯ್ರೆ! ಪಾಸ್‌ಫ್ರೇಸ್ ಇಲ್ಲದಿದ್ದರೆ ಅದು ಯಾರ ಕೈಯಲ್ಲಿದೆಯೋ ಅವರೇ ನೀವು.

ನಾನು ಹಿಂದೆ ಇದ್ದ ಕಡೆ ಒಬ್ಬರ ಲ್ಯಾಪ್‌ಟಾಪ್ ರಾತ್ರಿ ಬಸ್ಸಿನಲ್ಲಿ ಕಳೆದುಹೋಯ್ತು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿರಲಿಲ್ಲ, ಕೀಗೆ ಪಾಸ್‌ಫ್ರೇಸೂ ಇರಲಿಲ್ಲ. ಪಾಪ, ಅವರು ಮಾಡಿದ್ದೂ ಮೂರು ಎಂಟರ್. ಬೆಳಗಿನ ಜಾವ 4 ಗಂಟೆವರೆಗೆ ಇಬ್ಬರು ಕೂತು ಒಂದೊಂದೇ ಸರ್ವರ್‌ಗೆ ಹೋಗಿ ಆ ಸಾಲು ಅಳಿಸಿದೆವು. ಅಷ್ಟೇ ಆಗಿದ್ರೆ ಮರೆತುಬಿಡಬಹುದಿತ್ತು. ಅದೇ ಫೈಲುಗಳಲ್ಲಿ ಕೆಲಸ ಬಿಟ್ಟು ವರ್ಷಗಳಾದವರ ಕೀಗಳೂ ಇದ್ದವು! "ಯಾರಾದ್ರೂ ಬಿಟ್ಟು ಹೋದ ತಕ್ಷಣ ಪಾಸ್‌ವರ್ಡ್ ಬದಲಾಯಿಸ್ತೀವಲ್ಲ" ಅಂದ್ರು ಮ್ಯಾನೇಜರ್. ಪಾಸ್‌ವರ್ಡ್ ನೂರು ಸಲ ಬದಲಾಯಿಸಿ, ಕೀಗೆ ಅದರ ಗೊಡವೆಯೇ ಇಲ್ಲ. ಸಾಲು ಅಳಿಸೋವರೆಗೂ ಬಾಗಿಲು ತೆರೆದೇ ಇರುತ್ತೆ.

2008ರ ಮೇ ತಿಂಗಳಲ್ಲಿ ಡೆಬಿಯನ್‌ನವರು ತಮ್ಮ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2006ರಿಂದ ಇದ್ದ ತಪ್ಪೊಂದನ್ನು ಪ್ರಕಟಿಸಿದರು. ಒಂದೊಂದು ಬಗೆಯ, ಒಂದೊಂದು ಅಳತೆಯ ಕೀಗೆ ಸುಮಾರು 32,768 ಸಾಧ್ಯತೆಗಳು ಮಾತ್ರ, ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳಬಹುದು. ಅಂಥ ಕೀಯನ್ನು ಬೇರೆ ಡಿಸ್ಟ್ರೋ ಇದ್ದ ಮೆಷಿನ್‌ಗೆ ಕಾಪಿ ಮಾಡಿದ್ದರೆ ಅದಕ್ಕೂ ಅಪಾಯ. ಎಲ್ಲೆಲ್ಲಿ ಯಾರ ಕೀ ಹಾಕಿದ್ದೀವಿ ಅಂತ ಲೆಕ್ಕ ಇಡದವರ ಗತಿ ನೀವೇ ಊಹಿಸಿಕೊಳ್ಳಿ.

"ಪಾಸ್‌ಫ್ರೇಸ್ ಹಾಕಿದ್ರೆ ಮತ್ತೆ ಟೈಪ್ ಮಾಡಬೇಕಲ್ಲ" ಅಂತೀರಾ? ಅದಕ್ಕೇ ಎಸ್‌ಎಸ್‌ಎಚ್-ಏಜೆಂಟ್ ಇರೋದು. ಬೆಳಿಗ್ಗೆ ಒಂದು ಸಲ ಕೊಟ್ಟರೆ ದಿನವಿಡೀ ನೆನಪಿಟ್ಟುಕೊಳ್ಳುತ್ತೆ. ಈಗಾಗಲೇ ಇರೋ ಕೀಗೂ ಕೀಜೆನ್‌ನ -ಪಿ ಆಯ್ಕೆಯಿಂದ ಪಾಸ್‌ಫ್ರೇಸ್ ಹಾಕಬಹುದು, ಪಬ್ಲಿಕ್ ಕೀ ಬದಲಾಗಲ್ಲ, ಸರ್ವರ್ ಕಡೆ ಏನೂ ಮುಟ್ಟಬೇಕಿಲ್ಲ. ಮಧ್ಯರಾತ್ರಿ ತಾನೇ ಓಡೋ ಬ್ಯಾಕಪ್ ಸ್ಕ್ರಿಪ್ಟಿಗೆ ಖಾಲಿ ಪಾಸ್‌ಫ್ರೇಸ್ ಬೇಕಾಗಬಹುದು, ಒಪ್ಪಿದೆ. ಅದಕ್ಕೆ ಬೇರೆಯದೇ ಕೀ ಮಾಡಿ, ಆಥರೈಸ್ಡ್ ಕೀಸ್‌ನ ಆ ಸಾಲಿನ ಮುಂದೆ ಯಾವ ಐಪಿಯಿಂದ ಬರಬಹುದು, ಯಾವ ಕಮಾಂಡ್ ಮಾತ್ರ ಓಡಬಹುದು ಅಂತ ಕಟ್ಟಿಹಾಕಬಹುದು.

(ಇಷ್ಟೆಲ್ಲ ಮಾಡಿಯೂ ಪಾಸ್‌ವರ್ಡ್ ಕೇಳ್ತಿದ್ರೆ ಪರ್ಮಿಷನ್ ನೋಡಿ. ಡೈರೆಕ್ಟರಿಗೆ 700, ಫೈಲಿಗೆ 600. ಸಿಟ್ಟಿಗೆದ್ದು 777 ಕೊಟ್ಟರೆ ಸರ್ವರ್ ಮೂಸಿಯೂ ನೋಡಲ್ಲ!)

ಹುಡುಗನಿಗೆ -ಪಿ ತೋರಿಸಿದೆ. "ಮರೆತುಹೋದ್ರೆ?" ಅಂದ. "ಹೊಸ ಕೀ ಮಾಡ್ಕೋ, ನಿಂಗೆ ಎರಡೇ ನಿಮಿಷ ಸಾಕಲ್ಲ" ಅಂದೆ.

ಮನೆಗೆ ಬಂದು ನನ್ನದೇ ಮೆಷಿನ್‌ನ ಆಥರೈಸ್ಡ್ ಕೀಸ್ ತೆಗೆದು ನೋಡಿದೆ. 7 ಸಾಲು, ಗುರುತು ಸಿಕ್ಕಿದ್ದು 4. ಮಿಕ್ಕ ಮೂರನ್ನು ಅಳಿಸಿದೀನಿ, ಇನ್ನೂ ಯಾರೂ ಗಲಾಟೆ ಮಾಡಿಲ್ಲ... ನಿಮ್ಮದರಲ್ಲಿ ಎಷ್ಟಿವೆ?