ಹಳೆಯ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವ ಊರಿನ ನೆನಪು

ಮಲೆನಾಡಿನ ಹಳ್ಳಿಗಳ ಕಾಗದಪತ್ರಗಳಿಗೆ ಗೆದ್ದಲು ಮತ್ತು ತೇವ ಹಿಂದಿನಿಂದಲೂ ಶತ್ರುಗಳು. ಕಂಪ್ಯೂಟರ್ ಬಂದ ಮೇಲೆ ಆ ಭಯ ತಪ್ಪಿತೆಂದು ಅನೇಕರು ನಂಬಿದರು. 2002ರ ಜೀವವೈವಿಧ್ಯ ಕಾಯಿದೆಯಡಿ ಸಿದ್ಧವಾದ ಜನತಾ ಜೀವವೈವಿಧ್ಯ ದಾಖಲಾತಿಗಳು, 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಲ್ಲಿಸಿದ ಅರ್ಜಿಗಳ ಪ್ರತಿಗಳು, ವರ್ಷವರ್ಷದ ಮಳೆ ಲೆಕ್ಕ, ದೇವರಕಾಡಿನ ಗಿಡಮರಗಳ ಪಟ್ಟಿ ಎಲ್ಲವೂ ಹಾರ್ಡ್ ಡಿಸ್ಕಿಗೆ ಸೇರಿದವು. ಆದರೆ ಮಳೆಗಾಲದ ಒಂದು ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋದಾಗ ಹೊಸ ಭಯವೊಂದು ಎದುರಾಗುತ್ತದೆ.

ಇಂಥ ಸಂದರ್ಭದಲ್ಲಿ ಹಳೆಯ ಡಿಸ್ಕನ್ನು ಬಿಚ್ಚಿ ಹೊಸ ಯಂತ್ರಕ್ಕೆ ಜೋಡಿಸುವುದು ಸಹಜ. ಗುಂಡಿ ಒತ್ತಿದೊಡನೆ ವಿಂಡೋಸ್ ಚಿಹ್ನೆ ಕಾಣುತ್ತದೆ, ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಯಂತ್ರ ಮತ್ತೆ ಮೊದಲಿನಿಂದ ಏಳತೊಡಗುತ್ತದೆ. ‘ಡಿಸ್ಕ್ ಹೋಯಿತು, ಫಾರ್ಮ್ಯಾಟ್ ಮಾಡಬೇಕು’ ಎಂಬ ಸಲಹೆ ಬರುವುದು ಈ ಹಂತದಲ್ಲಿಯೇ. ಆ ಸಲಹೆಯನ್ನು ಒಪ್ಪಿದರೆ ಊರಿನ ಹಲವು ವರ್ಷಗಳ ದುಡಿಮೆ ಕ್ಷಣಮಾತ್ರದಲ್ಲಿ ಅಳಿಯುತ್ತದೆ. ವಾಸ್ತವದಲ್ಲಿ ಬಹಳಷ್ಟು ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಕಾರಣ ಸರಳವಾಗಿದೆ. ವಿಂಡೋಸ್ ತಾನು ನೆಲೆಸಿದ ಯಂತ್ರದ ಮದರ್‌ಬೋರ್ಡಿಗೆ, ಅದರಲ್ಲಿಯೂ ಡಿಸ್ಕನ್ನು ಓದಿಸುವ ಕಂಟ್ರೋಲರಿಗೆ ಹೊಂದಿಕೊಂಡಿರುತ್ತದೆ. ಏಳುವಾಗ ಯಾವ ಡ್ರೈವರ್ ಬೇಕೆಂಬುದನ್ನು ಅದು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಹೊಸ ಯಂತ್ರದ ಕಂಟ್ರೋಲರ್ ಬೇರೆಯಾದಾಗ ತಾನಿರುವ ಡಿಸ್ಕನ್ನೇ ಕಾಣಲಾರದೆ ನಿಂತುಬಿಡುತ್ತದೆ. ನೀಲಿ ಪರದೆಯ ದೋಷಸಂಖ್ಯೆ 7ಬಿ ಎಂದು ಮುಗಿದಿದ್ದರೆ ಬಹುತೇಕ ಇದೇ ತೊಂದರೆ. ವಿಂಡೋಸ್ ಎಕ್ಸ್‌ಪಿ ಮತ್ತು 7ರಲ್ಲಿ ಆರಂಭದಲ್ಲಿಯೇ ಎಫ್ 8 ಒತ್ತಿ, ತಾನಾಗಿ ಮರುಚಾಲನೆಗೊಳ್ಳುವುದನ್ನು ತಡೆಯುವ ಆಯ್ಕೆ ಮಾಡಿದರೆ ಸಂಖ್ಯೆಯನ್ನು ಓದಬಹುದು.

ದುರಸ್ತಿಗೆ ಮೊದಲು ಆಗಬೇಕಾದದ್ದು ಪ್ರತಿ ತೆಗೆಯುವ ಕೆಲಸ. ಯುಎಸ್‌ಬಿ ಅಡಾಪ್ಟರ್ ಮೂಲಕ ಡಿಸ್ಕನ್ನು ಸುಸ್ಥಿತಿಯ ಕಂಪ್ಯೂಟರಿಗೆ ಜೋಡಿಸಬಹುದು. ಇಲ್ಲವೇ ಪೆನ್ ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಕಡತಗಳನ್ನು ಬೇರೆಡೆಗೆ ನಕಲಿಸಬಹುದು. ಡಿಸ್ಕ್ ಟಿಕ್‌ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಕೂಡಲೇ ನಿಲ್ಲಿಸಿ ನುರಿತವರ ಕೈಗೆ ಒಪ್ಪಿಸುವುದು ಲೇಸು.

ಪ್ರತಿ ಕೈಸೇರಿದ ಮೇಲೆ ಬಯಾಸ್ ಒಳಹೊಕ್ಕು ಸಾಟಾ ವಿಧಾನವನ್ನು ನೋಡಬೇಕು. ಎಕ್ಸ್‌ಪಿ ಕಾಲದ ಡಿಸ್ಕಿಗೆ ಎಎಚ್‌ಸಿಐ ಬದಲು ಐಡಿಇ ಆಯ್ದರೆ ಅನೇಕ ವೇಳೆ ಯಂತ್ರ ಏಳುತ್ತದೆ. ವಿಂಡೋಸ್ 10ರ ಡಿಸ್ಕಾದರೆ ರೈಡ್ ಬದಲು ಎಎಚ್‌ಸಿಐ ಆಯ್ದು, ಒಮ್ಮೆ ಸೇಫ್ ಮೋಡಿನಲ್ಲಿ ಏಳಿಸಿದರೆ ತಕ್ಕ ಡ್ರೈವರ್ ಜೋಡಣೆಯಾಗುವ ಸಂಭವವಿದೆ. ಯುಇಎಫ್‌ಐ ಮಾತ್ರ ಒಪ್ಪುವ ಇತ್ತೀಚಿನ ಯಂತ್ರಗಳಲ್ಲಿ ಹಳೆಯ ಮಾದರಿಯ ಡಿಸ್ಕ್ ಏಳುವುದೇ ಇಲ್ಲ. ಅಲ್ಲಿ ಕಡತಗಳನ್ನು ಉಳಿಸಿಕೊಂಡರೆ ಸಾಕು. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, 10ಕ್ಕೆ 2025ರ ಅಕ್ಟೋಬರಿನಲ್ಲಿ ಸಾಮಾನ್ಯ ಬೆಂಬಲ ನಿಂತಿರುವುದರಿಂದ ಅವನ್ನು ಅಂತರ್ಜಾಲಕ್ಕೆ ಜೋಡಿಸದಿರುವುದು ಕ್ಷೇಮ.

ಕನ್ನಡದ ಕಡತಗಳಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಬರಹ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದು ಕೆಟ್ಟಿದೆ ಎಂದು ಅಳಿಸದೆ ಯುನಿಕೋಡಿಗೆ ಪರಿವರ್ತಿಸಬೇಕು. ಅಜ್ಜಿಯರು ಹೇಳಿ ಬರೆಸಿದ ಔಷಧಿ ಸಸ್ಯಗಳ ಹೆಸರುಗಳು ಮರಳಿ ಕನ್ನಡವಾಗುವುದು ಆಗಲೇ.

ಇದನ್ನು ಕೇವಲ ಯಂತ್ರ ರಿಪೇರಿಯ ವಿಷಯವೆಂದು ತಳ್ಳಿಹಾಕಲಾಗದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಸೀಸ, ಪಾದರಸಗಳನ್ನು ಒಡಲಲ್ಲಿಟ್ಟುಕೊಂಡ ಯಂತ್ರದ ಭಾಗಗಳು ಹಳ್ಳದ ದಂಡೆಗೆ ಬಿದ್ದರೆ ಆ ವಿಷ ಕುಡಿಯುವ ನೀರಿಗೇ ಇಳಿಯುತ್ತದೆ. ಹೀಗಿರುವಾಗ ದುರಸ್ತಿ ಮಾಡಿ ಬಳಸುವ ಪ್ರತಿಯೊಂದು ಯಂತ್ರವೂ ಪರಿಸರ ಕಾರ್ಯವೇ ಆಗಿದೆ.

ಕಾಡಿನ ಹಕ್ಕಿನ ಅರ್ಜಿ ತಿರಸ್ಕೃತವಾದಾಗ ಮೇಲ್ಮನವಿಗೆ, ಯೋಜನೆಯೊಂದರ ಅಹವಾಲು ಸಭೆಯಲ್ಲಿ ಎದ್ದು ನಿಂತು ಮಾತನಾಡುವುದಕ್ಕೆ ಊರವರ ಕೈಯಲ್ಲಿರಬೇಕಾದ ಅಸ್ತ್ರ ದಾಖಲೆ. ಅದು ಒಂದೇ ಡಿಸ್ಕಿನಲ್ಲಿರುವುದು ಬಿತ್ತನೆಯ ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿಟ್ಟಂತೆ. ಒಂದು ಪ್ರತಿ ಸಂಘಟನೆಯಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ, ಮತ್ತೊಂದು ಶಾಲೆಯಲ್ಲಿ ಇರಲಿ. ಮುಖ್ಯವಾದವು ಕಾಗದದ ಮೇಲೆಯೂ ಇರಲಿ. ಕಂಪ್ಯೂಟರ್ ಬಲ್ಲ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಈ ಕೆಲಸಕ್ಕೆ ಎರಡು ದಿನ ಮೀಸಲಿಡಲಿ. ಅಟ್ಟದ ಮೇಲಿರುವ ಹಳೆಯ ಡಿಸ್ಕುಗಳನ್ನು ಮುಂದಿನ ಮಳೆಗಾಲಕ್ಕೆ ಮುನ್ನವೇ ಕೆಳಗಿಳಿಸಬೇಕಾಗಿದೆ.