ಗಾಂಜಾಕ್ಕೆ ಪರ್ಮಿಶನ್ ಬಂದರೆ ಬೆದ್ಲು ರೈತನಿಗೆ ಸಿಗೋದೇನು?

ಈಚೆಗೆ ನಾಲ್ಕು ಜನ ರೈತರು ಸೇರಿದ ಕಡೆ ಒಂದು ಮಾತು ಬರುತ್ತದೆ. ಗಾಂಜಾ ಬೆಳೆಯೋಕೆ ಸರ್ಕಾರ ಪರ್ಮಿಶನ್ ಕೊಟ್ಟರೆ ಮಳೆ ನಂಬಿದವರು ಉದ್ಧಾರ ಆಗ್ತಾರೆ ಅಂತ. ನೀರು ಕಮ್ಮಿ ಸಾಕು, ರೇಟು ಜಾಸ್ತಿ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ನನ್ನ ಅಭಿಪ್ರಾಯ ಬೇರೆ.

ಮೊದಲು ರೇಟಿನ ಮಾತು. ಈಗಿನ ರೇಟು ಬಂದಿರೋದು ಗಿಡದ ಗುಣದಿಂದಲ್ಲ, ಪೊಲೀಸರ ಭಯದಿಂದ. ಎಲ್ಲರೂ ಬೆಳೆಯಬಹುದು ಅಂದ ಮೇಲೆ ಆ ರೇಟು ನಿಲ್ಲೋದಿಲ್ಲ. ಟೊಮೇಟೊ, ಈರುಳ್ಳಿಯಲ್ಲಿ ನಾವು ಕಾಣದ್ದೇ? ಥಾಯ್ಲೆಂಡಿನಲ್ಲಿ 2022ರ ಜೂನಿನಲ್ಲಿ ನಿಷೇಧ ತೆಗೆದರು. ಜನ ಮುಗಿಬಿದ್ದು ಬೆಳೆದರು, ಬೆಲೆ ಕುಸಿಯಿತು. 2025ರ ಜೂನಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರವೇ ಹಿಂದೆ ಸರಿಯಿತು. ಸಾಲ ಮಾಡಿ ಬೆಳೆದವನ ಗತಿ ಏನು?

ನಾರಿಗೆ ಬೆಳೆಯೋ ತಳಿಯ ಮಾತೇ ಬೇರೆ. ಉತ್ತರಾಖಂಡದಲ್ಲಿ ಅದಕ್ಕೆ ಲೈಸೆನ್ಸ್ ಕೊಡುತ್ತಾರೆ. ಆದರೆ ಅಮಲಿನ ಅಂಶ ನೂರಕ್ಕೆ 0.3 ಮೀರಬಾರದು. ಮೀರಿತೋ ಇಲ್ಲವೋ ಹೇಳೋದು ಲ್ಯಾಬು. ಮಣ್ಣು ಪರೀಕ್ಷೆಗೇ ಅಲೆದಾಡೋ ಎರಡೆಕರೆ ರೈತ ಇದನ್ನು ಮಾಡಿಸುತ್ತಾನಾ? ಕೊನೆಗೆ ಲೈಸೆನ್ಸು ಕಂಪನಿಯವರ ಪಾಲು, ಕೂಲಿ ನಮ್ಮ ಪಾಲು.

ಇನ್ನು ಮಕ್ಕಳ ವಿಚಾರ. ಮೆದುಳು ಪೂರ್ತಿ ಬಲಿಯೋದು ಇಪ್ಪತ್ತೈದರ ಹತ್ತಿರ ಅಂತಾರೆ ವೈದ್ಯರು. ಹರೆಯದಲ್ಲೇ ದಿನಾ ಸೇದಿದರೆ ನೆನಪು, ಗಮನ ಕುಂದುತ್ತದೆ, ಕೆಲವರಿಗೆ ಬುದ್ಧಿಭ್ರಮಣೆಯೂ ಆಗುತ್ತದೆ. ಬೀಡಿ, ಬ್ರಾಂದಿ ಬಿಟ್ಟಿದ್ದೀರಿ, ಇದೊಂದು ಯಾಕೆ ಬೇಡ ಅಂತ ಕೇಳೋರಿದ್ದಾರೆ. ನ್ಯಾಯದ ಪ್ರಶ್ನೆಯೇ. ನಮ್ಮಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಬಾಟ್ಲಿ ಅಂಗಡಿ ನಿಲ್ಲಲಿಲ್ಲ. ಖಜಾನೆಗೆ ಒಮ್ಮೆ ರುಚಿ ಹತ್ತಿದರೆ ಯಾವ ಸರ್ಕಾರವೂ ಬಿಡೋದಿಲ್ಲ. ಹೊಲದಲ್ಲಿ ಗರಿಕೆ, ಜೇಕು ಹೇಗೂ ಇವೆಯಲ್ಲ ಅಂತ ಮೂರನೇ ಕಳೆಯನ್ನು ಯಾರಾದರೂ ತಂದು ಬಿತ್ತುತ್ತಾರೆಯೇ?

ಹಾಗಂತ ಈಗಿನ ಕಾನೂನೆಲ್ಲ ಸರಿ ಅನ್ನೋದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾಲು ಇಟ್ಟುಕೊಂಡವನಿಗೆ ತೂಕ ನೋಡಿ ಶಿಕ್ಷೆ. ಒಂದು ಕೆ.ಜಿ. ಒಳಗಿದ್ದರೆ ಹೆಚ್ಚೆಂದರೆ ಒಂದು ವರ್ಷ. ಬೆಳೆದವನಿಗೆ ಆ ಲೆಕ್ಕ ಇಲ್ಲ. ನಾಲ್ಕು ಗಿಡ ಇರಲಿ, ನಾಲ್ಕು ಎಕರೆ ಇರಲಿ, 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ತೊಗರಿ ಸಾಲಿನ ನಡುವೆ ಹಾಕು ಅಂತ ಬೀಜ, ಮುಂಗಡ ಕೊಟ್ಟ ದಲ್ಲಾಳಿ ಪೇಟೆಯಲ್ಲಿ ಆರಾಮ. ಪಹಣಿಯಲ್ಲಿ ಹೆಸರಿರೋ ರೈತ ಒಳಗೆ. ತಿದ್ದಬೇಕಾದ್ದು ಇದು. ಗಿಡಗಳ ಲೆಕ್ಕ ನೋಡಿ ಶಿಕ್ಷೆ ಆಗಲಿ, ದಲ್ಲಾಳಿಯನ್ನು ಮೊದಲು ಹಿಡಿಯಲಿ.

ನಮ್ಮನ್ನು ಉದ್ಧಾರ ಮಾಡೋ ಮನಸ್ಸು ಸರ್ಕಾರಕ್ಕೆ ಇದ್ದರೆ ರಾಗಿ, ತೊಗರಿ ಖರೀದಿ ಕೇಂದ್ರವನ್ನು ಕಣ ಮಾಡೋ ಹೊತ್ತಿಗೇ ತೆರೆಯಲಿ, ದುಡ್ಡು ತಡ ಮಾಡದೆ ಕೊಡಲಿ. ರೈತ ಬಂಧುಗಳೂ ಅಷ್ಟೇ, ಮುಂಗಡ ಹಿಡಿದು ಬಂದವರನ್ನು ಬದುವಿನಾಚೆಯಿಂದಲೇ ವಾಪಸ್ ಕಳಿಸಿ.