ನೀರಿಗೆ ಸುಣ್ಣ, ಸುಣ್ಣಕ್ಕ ನೀರಲ್ಲ

ದೀಪಾವಳಿ ಬಂತಂದ್ರ ನಮ್ಮ ಹಿತ್ತಲದಾಗ ಹಳೇ ಡ್ರಮ್ ಹೊರಗ ಬರ್ತಿತ್ತು. ಅರ್ಧ ಡ್ರಮ್ ನೀರು ತುಂಬಿ ಅಜ್ಜಿ ಒಂದೊಂದ ಸುಣ್ಣದ ಹರಳು ಬಿಡ್ತಿದ್ಲು. ಒಲಿ ಇಲ್ಲ, ಕಟಗಿ ಇಲ್ಲ, ನೀರು ಕೊತಕೊತ ಕುದೀತಿತ್ತು. ಹತ್ರ ಹೋದ್ರ "ದೂರ ಸರೀರಿ, ಕಣ್ಣ ಹೋಗ್ತಾವ" ಅಂತ ಬೈತಿದ್ಲು. ಆಕಿದು ಒಂದ ಕಾಯ್ದೆ: ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕ ನೀರು ಹಾಕಬಾರದು.

ಆ ಬಿಸಿ ಎಲ್ಲಿಂದ ಬರ್ತದ? ಭಟ್ಟಿಯೊಳಗ ಸುಣ್ಣದ ಕಲ್ಲನ್ನ ಸುಮಾರು 900 ಡಿಗ್ರಿಗೆ ಸುಡ್ತಾರ. ಇಂಗಾಲದ ಡೈಆಕ್ಸೈಡ್ ಹಾರಿ ಹೋಗ್ತದ. ಉಳಿದ ಸುಟ್ಟ ಸುಣ್ಣ ಬೆಂಕಿಯಿಂದ ತಗೊಂಡ ಶಕ್ತಿನ ಸಾಲದಂಗ ಇಟ್ಟುಕೊಂಡಿರ್ತದ. ನೀರು ಮುಟ್ಟಿದ ಕೂಡ್ಲೆ ಒಂದು ಪಾಲು ತೀರಸ್ತದ. ಒಂದು ಕಿಲೋ ಸುಣ್ಣದಿಂದ ಬರೋ ಶಾಖದಾಗ 3 ಲೀಟರ್ ತಣ್ಣೀರು ಕುದಿಸಬಹುದು. ಉಳಿದ ಸಾಲ ಗ್ವಾಡಿ ಮ್ಯಾಲೆ, ಗಾಳಿಯೊಳಗಿನ ಡೈಆಕ್ಸೈಡ್ ಹೀರಿ ಮತ್ತ ಕಲ್ಲಾಗೋ ಮುಂದ, ಯಾರಿಗೂ ಗೊತ್ತಾಗದಂಗ ತೀರ್ತದ. ನೀರು ಭಾಳ ಇದ್ರ ಬಿಸಿ ಹಂಚಿ ಹೋಗ್ತದ. ಕಡಿಮಿ ಇದ್ರ ಅಲ್ಲೇ ಉಗಿಯಾಗಿ ಮುಖಕ್ಕ ಸಿಡೀತದ. ಅಜ್ಜಿ ಸಾಲಿ ಕಲಿತಿರಲಿಲ್ಲ, ಆದ್ರ ಆಕಿ ಕಾಯ್ದೆ ಖರೆ ಇತ್ತು.

ಈಗ ಪೇಂಟ್ ಬಂದದ, ಡ್ರಮ್ ಹೋಗ್ಯದ. ಅದರ ಕೂಡ ಆ ಬುದ್ಧಿನೂ ಹೋತು. ಹೋದ ತಿಂಗಳ ನಮ್ಮ ಬಚ್ಚಲ ಮೋರಿ ಕಟ್ಟಿತ್ತು. ಅಂಗಡಿಯಿಂದ ತಂದ ಪುಡಿ ಪಾಕೀಟು ಕೆಲಸದಾಕಿ ಕೈಯಾಗ ಕೊಟ್ಟೆ. ಲಗೂನ ಆಗ್ಲಿ ಅಂತ ಆಕಿ ಪುಡಿ ಮ್ಯಾಲೆ ಬಿಸಿನೀರು ಸುರಿದ್ಲು. ಬುಸ್ ಅಂತ ಎದ್ದು ಮುಂಗೈ ಸುಡ್ತು. ಅದರಾಗ ಇದ್ದದ್ದು ಕಾಸ್ಟಿಕ್ ಸೋಡಾ. ಅದು ನೀರಾಗ ಕರಗೋ ಮುಂದನೂ ಭಾಳ ಶಾಖ ಬಿಡ್ತದ, ಅದರ ಮ್ಯಾಲೆ ಚರ್ಮಾನೂ ತಿಂತದ. ಪಾಕೀಟಿನ ಮ್ಯಾಲೆ ಎಚ್ಚರಿಕಿ ಇತ್ತು, ಸಣ್ಣ ಅಕ್ಷರದಾಗ, ಇಂಗ್ಲಿಷಿನಾಗ. ಆಕಿಗೆ ಓದಲಿಕ್ಕೆ ಬರಂಗಿಲ್ಲ. ಬರೋ ನಾನು ಓದಲಿಲ್ಲ. ತಪ್ಪು ಆಕಿದಲ್ಲ, ನಂದು.

ಅದಕ್ಕ ನನ್ನ ಮಾತಿಷ್ಟ: ಮೋರಿ ಕಟ್ಟಿದ್ರ ಮೊದಲ ತಂತಿ ಹಾಕಿ ನೋಡ್ರಿ. ಪುಡಿ ಬೇಕ ಅಂದ್ರ ತಂದವರೇ ಹಾಕ್ರಿ, ಕೈಗವಸು ಹಾಕ್ಕೊಂಡು, ತಣ್ಣೀರಿನ ಕೂಡ, ಮುಖ ದೂರ ಇಟ್ಟು. ಸಿಡಿದ್ರ ಹರಿಯೋ ನೀರಾಗ 20 ನಿಮಿಷ ತೊಳೀರಿ. ಕಣ್ಣಿಗೆ ಬಿದ್ದಿದ್ರ ತೊಳದ ಮ್ಯಾಲೆ ಡಾಕ್ಟರ್ ಕಡೆ ಓಡ್ರಿ. ಬ್ಯಾರೆಯವರ ಕೈಗೆ ಕೊಡಲೇಬೇಕಾದ್ರ, ಪಾಕೀಟಿಗಿಂತ ಮೊದಲ ಅಜ್ಜಿ ಕಾಯ್ದೆ ಕೊಡ್ರಿ.